ತಾತನ ಉಯಿಲಿನ ಐದನೆಯ ಕಲಂ

ಕಾಗದ ಬಂದದ್ದು ಬೈಂಡರಿಗೆ, ಸಿಕ್ಕಿದ್ದು ಮಹಡಿ ಮನೆಯ ಲೆಕ್ಕದ ಟೀಚರಿಗೆ. ಮುಂದಿನ ಅನಾಹುತಕ್ಕೆಲ್ಲ ಮೂಲ ಇಷ್ಟೇ. ಮೆಟ್ಟಿಲ ಬುಡದಲ್ಲಿ ಎರಡು ಅಂಚೆ ಪೆಟ್ಟಿಗೆಗಳಿದ್ದವು. ಕೆಳಗಿನದಕ್ಕೆ ಹಾಕಬೇಕಾದ ಲಕೋಟೆಯನ್ನು ಅಂಚೆಯವನು ಮೇಲಿನದಕ್ಕೆ ತುರುಕಿ ಹೋಗಿದ್ದ.

ಟೀಚರ್ ನಿವೃತ್ತರಾಗಿ ಆರು ವರ್ಷವಾಗಿತ್ತು. ತಿದ್ದಲು ಉತ್ತರಪತ್ರಿಕೆಗಳಿಲ್ಲದೆ ಅವರ ಕಣ್ಣು ಹಸಿದುಕೊಂಡಿತ್ತು. ವಿಳಾಸ ನೋಡದೆ ಲಕೋಟೆ ಒಡೆದರು. ನೋಡಿದ ಮೇಲೂ ಪೂರ್ತಿ ಓದಿದರು. ಎರಡು ಕಾಗುಣಿತದ ತಪ್ಪಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಸಂಜೆ ಆರಕ್ಕೆ ಮೆಟ್ಟಿಲಿಳಿಯುತ್ತಲೇ ಕೂಗಿದರು.

"ಬೈಂಡರೇ! ನಿಮ್ಮ ತಾತ ಉಯಿಲು ಬರೆದಿಟ್ಟಿದ್ದಾರಂತೆ!"

ನಲವತ್ತು ವರ್ಷ ಕೊನೆಯ ಬೆಂಚಿಗೆ ಕೇಳಿಸುವಂತೆ ಪಾಠ ಮಾಡಿದ ಗಂಟಲು ಅದು. ಬೀದಿಯ ಆ ತುದಿಯಲ್ಲಿ ಯಾರೋ ಕಿಟಕಿ ತೆರೆದ ಸದ್ದಾಯಿತು.

ಬೈಂಡರು ಕೈಗೆ ಮೆತ್ತಿದ್ದ ಅಂಟನ್ನು ಪಂಚೆಗೇ ಒರೆಸಿಕೊಂಡು ಎದ್ದರು. ಕಾಗದದಲ್ಲಿದ್ದದ್ದು ಮೂರೇ ಸಾಲು. 'ತಾವು ಕೋರಿದ, ತಮ್ಮ ತಾತನವರ ಉಯಿಲಿರುವ ಸಂಪುಟ ಹದಿನೇಳು ಪತ್ತೆಯಾಗಿದೆ. ಇದೇ ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಖುದ್ದಾಗಿ ಹಾಜರಾಗಿ ನೋಡಬಹುದು. ತಡವಾದಲ್ಲಿ ಕಚೇರಿ ಹೊಣೆಯಲ್ಲ.' ಶುಕ್ರವಾರವೆಂದರೆ ನಾಳೆಯೇ. ಅವರು ಕಾಗದವನ್ನು ನಾಲ್ಕು ಸಲ ಓದಿದರು. ನಾಲ್ಕನೆಯ ಸಲ ಅಕ್ಷರಗಳು ತೇಲಾಡತೊಡಗಿದವು.

ಬೈಂಡರಿಗೆ ಐವತ್ತೆಂಟು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಪ್ಪ ಕೂತಿದ್ದ ಮಣೆಯ ಮೇಲೇ ಕೂತು, ಅಪ್ಪ ಹಿಡಿದಿದ್ದ ಸೂಜಿಯಲ್ಲೇ ಊರವರ ಹರಿದ ಪುಸ್ತಕ ಹೊಲಿಯುತ್ತಿದ್ದರು. ತಾತನದು ಅಚ್ಚಿನ ಮನೆಯಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುವ ಕೆಲಸ. ಅಪ್ಪನಿಗೆ ಎಂಟು ವರ್ಷವಿದ್ದಾಗ ಒಂದು ಬೆಳಗ್ಗೆ ಮನೆಯಿಂದ ಹೊರಟ ತಾತ ತಿರುಗಿ ಬರಲಿಲ್ಲ. ಫೋಟೋ ಇಲ್ಲ, ಕಾಗದವಿಲ್ಲ, ಮುಖ ನೆನಪಿದ್ದವರೂ ಈಗ ಇಲ್ಲ. "ತಾತ ಹೇಗಿದ್ರಪ್ಪಾ?" ಎಂದು ಹುಡುಗನಾಗಿದ್ದಾಗ ಕೇಳಿದರೆ ಅಪ್ಪ ಹಲ್ಲಿನಲ್ಲಿ ದಾರ ಕಡಿಯುತ್ತ "ಗೊತ್ತಿಲ್ಲ" ಎನ್ನುತ್ತಿದ್ದರು. ಯಾಕೆ ಹೋದರು? ಗೊತ್ತಿಲ್ಲ. ಎಲ್ಲಿ ಹೋದರು? ಗೊತ್ತಿಲ್ಲ. ಸಾಯುವ ಹಿಂದಿನ ವಾರ ಕೇಳಿದಾಗಲೂ ಅದೇ ಉತ್ತರ.

ತಾತನಿಗೆ ಒಬ್ಬನೇ ಮಗ, ಆ ಮಗನಿಗೆ ಒಬ್ಬನೇ ಮಗ, ಈ ಮಗನಿಗೆ ಮಕ್ಕಳಿಲ್ಲ. ವಂಶವೃಕ್ಷ ಬರೆಯಲು ಕೂತರೆ ಬೈಂಡರ ಮುಂದೆ ಏಳುತ್ತಿದ್ದುದು ವೃಕ್ಷವಲ್ಲ, ಒಂದು ಕೋಲು. ಆ ಕೋಲಿನ ಮೇಲಿನ ತುದಿಯೂ ಮಂಜಿನಲ್ಲಿ. ಯಾರದೋ ಮನೆಯ ಹಳೆಯ ಆಲ್ಬಮ್ಮು ಹೊಲಿಗೆಗೆ ಬಂದರೆ ಅದರೊಳಗಿನ ಪರರ ತಾತಂದಿರನ್ನೇ ನೋಡುತ್ತ ಊಟ ಮರೆಯುತ್ತಿದ್ದರು.

ಪುಸ್ತಕ ಹೊಲಿಸಲು ಬಂದ ವಕೀಲರೊಬ್ಬರು ಒಮ್ಮೆ ದಾರಿ ತೋರಿಸಿದ್ದರು. "ಸತ್ತವರು ಬರೆದ ಉಯಿಲು ನಿಜವಾದದ್ದೇ ಅಂತ ಕೋರ್ಟು ಒಪ್ಪಿ ಮುದ್ರೆ ಹಾಕಿದ್ರೆ ಅದಕ್ಕೆ ಪ್ರೊಬೇಟ್ ಅಂತೀವಿ. ಮುದ್ರೆ ಬಿದ್ದ ಮೇಲೆ ಅದರಲ್ಲಿ ಗುಟ್ಟೇನೂ ಇಲ್ಲ, ರೆಕಾರ್ಡ್ ರೂಮಲ್ಲಿ ಯಾರು ಕೇಳಿದ್ರೂ ತೋರಿಸ್ತಾರೆ. ಮನುಷ್ಯ ಬಾಯಿಬಿಟ್ಟು ಹೇಳದ್ದನ್ನೆಲ್ಲ ಅಲ್ಲಿ ಹೇಳಿರ್ತಾನೆ, ಹೋಗಿ ನೋಡಿ." ಅವತ್ತಿನಿಂದ ಮೂರು ವರ್ಷ ಬೈಂಡರು ಕಂಡಕಂಡ ಕೋರ್ಟಿಗೆಲ್ಲ ಅರ್ಜಿ ಬರೆದಿದ್ದರು. ಕೊನೆಗೆ ಒಂದೂವರೆ ತಾಸಿನ ಬಸ್ ದಾರಿಯ ಪಕ್ಕದ ಊರಿನಲ್ಲೇ ತಾತನ ಹೆಸರು ಸಿಕ್ಕಿತ್ತು. ಇಡೀ ಜಗತ್ತನ್ನು ಜಾಲಾಡಿ ಕನ್ನಡಕವನ್ನು ಹಣೆಯ ಮೇಲೆ ಕಂಡವರಂತೆ ಬೈಂಡರು ಅವತ್ತು ಪೆಚ್ಚಾಗಿ ಕೂತಿದ್ದರು.

ಅವರಿಗೆ ಬೇಕಾಗಿದ್ದದ್ದು ಒಂದೇ ವಾಕ್ಯ. ನಮ್ಮನ್ನು ನೆನೆದಿದ್ದನೇ, ಇಲ್ಲವೇ? ಅಷ್ಟು ತಿಳಿದರೆ ಸಾಕಿತ್ತು.

ಬೀದಿಗೆ ಮಾತ್ರ ಅಷ್ಟು ಸಾಕಾಗಲಿಲ್ಲ. ಬೆಳಗಾಗುವಷ್ಟರಲ್ಲಿ ತಾತನಿಗೆ ಎರಡು ಬಂಗಲೆ, ಒಂದು ತೋಟ ಬಂದಿದ್ದವು; ಹಾಲಿನವಳ ಬಾಯಲ್ಲಿ ಒಂದು ಕೆರೆಯೂ ಸೇರಿತು. ಏಳು ಗಂಟೆಗೆ ಹೆಂಡತಿಯ ತಮ್ಮ ಬಂದಿಳಿದ. ಟೈರ್ ಅಂಗಡಿಯವನು. ತನ್ನ ಮದುವೆಗೆ ಹೊಲಿಸಿದ ಕೋಟು ತೊಟ್ಟಿದ್ದ. ಅಂದಿನಿಂದ ಇಂದಿನವರೆಗೆ ಅವನು ಬೆಳೆದಿದ್ದ, ಕೋಟು ಬೆಳೆದಿರಲಿಲ್ಲ.

"ಭಾವ, ಆಸ್ತಿ ವಿಷಯಕ್ಕೆ ಒಬ್ರೇ ಹೋಗಬಾರದು. ನಿಮಗೆ ಮಾತು ಬರಲ್ಲ. ನಾನಿರ್ತೀನಿ."

"ಆಸ್ತಿ ಅಲ್ಲಯ್ಯಾ. ತಾತ ಏನು ಬರೆದಿದ್ದಾರೆ ಅಂತ ಓದ್ಕೊಂಡು ಬರೋದಷ್ಟೆ."

"ಅದೇ ನಾನೂ ಹೇಳ್ತಿರೋದು. ಏನೇನು ಬರೆದಿದ್ದಾರೆ ಅಂತ."

ಅಷ್ಟರಲ್ಲಿ ಟೀಚರ್ ಕೊಡೆ ಹಿಡಿದು ಮಹಡಿಯಿಂದ ಇಳಿದರು. "ಕೋರ್ಟಿನವರ ಕಾಗದದಲ್ಲೇ ಎರಡು ತಪ್ಪು. ಉಯಿಲಿನಲ್ಲಿ ಎಷ್ಟಿರುತ್ತೋ! ನಾನೂ ಬರ್ತೀನಿ ಬೈಂಡರೇ. ಓದೋರು ಒಬ್ರು, ಸರಿನೋಡೋರು ಒಬ್ರು ಬೇಕು."

ಬೇಡವೆನ್ನಲು ಬೈಂಡರಿಗೆ ನಿಜಕ್ಕೂ ಮಾತು ಬರುತ್ತಿರಲಿಲ್ಲ. ಮೂವರೂ ಬಸ್ಸು ಹತ್ತಿದರು.

ರೆಕಾರ್ಡ್ ರೂಮು ಕೋರ್ಟಿನ ಹಿಂಬದಿಯಲ್ಲಿತ್ತು. ಉದ್ದನೆಯ ಕೋಣೆ, ಎತ್ತರದ ಕಿಟಕಿ, ಗೋಡೆಯುದ್ದಕ್ಕೂ ಕಪಾಟು, ಮೂಲೆಯಲ್ಲಿ ಒಂದು ಹಸಿರು ಕಬ್ಬಿಣದ ಬೀರು. ಹಳೆಯ ಕಾಗದದ ವಾಸನೆ ಮೂಗಿಗೆ ಬಿದ್ದದ್ದೇ ಬೈಂಡರಿಗೆ ತವರಿಗೆ ಬಂದಂತಾಯಿತು. ಮೇಜಿನ ಹಿಂದೆ ದಾಖಲೆಗಳನ್ನು ನೋಡಿಕೊಳ್ಳುವ ಮೇಡಂ ಕೂತಿದ್ದರು. ಸ್ವೆಟರಿನ ಮೇಲೆ ಸ್ವೆಟರ್ ತೊಟ್ಟ, ಸಣ್ಣ ದನಿಯ ಹೆಂಗಸು.

ಬೈಂಡರು ಕೈಮುಗಿದು ಬಾಯಿ ತೆರೆಯುವಷ್ಟರಲ್ಲಿ ಭಾವಮೈದ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಮುಂದೆ ಬಂದ. "ನಾವು ವಾರಸುದಾರರು!"

"ವಾರಸುದಾರರಾ? ವಾರಸುದಾರರಿಗೆ ಇಲ್ಲಿ ಕೆಲಸ ಇಲ್ಲ. ಮೇಲಿನ ಮಹಡಿ, ಒಂಬತ್ತನೇ ಕೋಣೆ."

ಒಂಬತ್ತನೇ ಕೋಣೆಯವರು ಸತ್ತವರ ಮರಣಪತ್ರ ಕೇಳಿದರು. ಅದಿಲ್ಲದ್ದರಿಂದ ನಾಲ್ಕನೆಯ ಕೋಣೆಗೆ ಕಳಿಸಿದರು. ನಾಲ್ಕನೆಯವರು ಸತ್ತವರು ಸತ್ತದ್ದು ಯಾವಾಗ ಎಂದರು. ಉಯಿಲು ನೋಡಿದರೆ ಗೊತ್ತಾಗುತ್ತದೆ ಎಂದಾಗ ಉಯಿಲು ಸಿಗುವುದು ರೆಕಾರ್ಡ್ ರೂಮಿನಲ್ಲಿ ಎಂದರು. ಗಾಣದೆತ್ತಿನ ಹಾಗೆ ಸುತ್ತಿ ಮೂವರೂ ಅದೇ ಮೇಜಿನ ಮುಂದೆ ಬಂದು ನಿಂತಾಗ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

ಈ ಸಲ ಬೈಂಡರು ಭಾವಮೈದನ ತೋಳು ಹಿಡಿದು ಹಿಂದಕ್ಕೆಳೆದು ತಾವೇ ಹೇಳಿದರು. "ವಾರಸುದಾರ ಅಲ್ಲ ಮೇಡಂ. ಮೊಮ್ಮಗ. ಸುಮ್ಮನೆ ಓದಬೇಕು."

ಮೇಡಂ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. "ಸುಮ್ಮನೆ ಓದೋರು ಬಂದು ಎಷ್ಟು ವರ್ಷ ಆಯ್ತೋ!" ಎಂದು ಅರ್ಜಿಯೊಂದನ್ನು ಮುಂದೆ ತಳ್ಳಿದರು. ಬೈಂಡರು ತುಂಬಿಸಿದರು, ಟೀಚರ್ ತಿದ್ದಿದರು.

ಕೊನೆಗೂ ಸಂಪುಟ ಹದಿನೇಳು ಮೇಜಿನ ಮೇಲೆ ಬಂತು. ಬಂದದ್ದೇ ಅದರ ಬೆನ್ನು ಕಳಚಿ, ಒಂದು ಕಟ್ಟು ಹಾಳೆ ಜಾರಿ ಹೊರಬಿತ್ತು. ಮೇಡಂ ಸರಕ್ಕನೆ ಸಂಪುಟವನ್ನು ತಮ್ಮ ಕಡೆ ಎಳೆದುಕೊಂಡರು.

"ಅಯ್ಯೋ, ಹೊಲಿಗೆ ಬಿಟ್ಟಿದೆ. ಹೊಲಿಗೆ ಬಿಟ್ಟ ದಾಖಲೆ ತೋರಿಸೋ ಹಾಗಿಲ್ಲ, ಅದು ನಿಯಮ. ರಿಪೇರಿ ಆದ ಮೇಲೆ ಬನ್ನಿ."

"ರಿಪೇರಿ ಯಾವಾಗ ಆಗುತ್ತೆ?"

"ನಮ್ಮ ಬೈಂಡರ್ ಜಾಗ ಖಾಲಿ ಬಿದ್ದು ಒಂಬತ್ತು ವರ್ಷ ಆಯ್ತು."

"ಇವರು ಬೈಂಡರೇ!" ಎಂದು ಟೀಚರ್ ಮತ್ತು ಭಾವಮೈದ ಒಂದೇ ಉಸಿರಿನಲ್ಲಿ ಕೂಗಿದರು. ಅವತ್ತಿಡೀ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಚೀಲದಲ್ಲಿ ಸೂಜಿ, ದಾರ, ಚಾಕು ಇಲ್ಲದೆ ಬೈಂಡರು ಮನೆಯ ಹೊಸ್ತಿಲು ದಾಟಿದವರಲ್ಲ. ಕಿಟಕಿಯ ಕೆಳಗೆ ನೆಲದ ಮೇಲೇ ಕೂತರು. ಟೀಚರ್ ದಾರದ ಉಂಡೆ ಹಿಡಿದರು. ಭಾವಮೈದ ಎದುರಿನ ಹೋಟೆಲಿಗೆ ಓಡಿ ಹಿಟ್ಟಿನ ಅಂಟು ಕಾಯಿಸಿಕೊಂಡು ಬಂದ. ಬರುವಾಗ ಅರ್ಧವನ್ನು ಕೋಟಿನ ಮೇಲೆ ಸುರಿದುಕೊಂಡಿದ್ದ. "ಹೊಲಿದು ಮುಗಿಯೋವರೆಗೂ ಓದಬೇಡಿ. ನೀವೀಗ ಬೈಂಡರ್, ಓದುಗರಲ್ಲ" ಎಂದು ಮೇಡಂ ನೆನಪಿಸಿದರು.

ಹಳೆಯ ದಾರ ಬಿಚ್ಚುತ್ತಿದ್ದಂತೆ ಬೈಂಡರ ಕೈ ನಿಂತಿತು. ಪ್ರತಿ ಕಟ್ಟಿನ ಕೊನೆಯಲ್ಲೂ ಗಂಟು ಎರಡು ಸುತ್ತು ಸುತ್ತಿ, ಬಾಲವನ್ನು ಒಳಕ್ಕೆ ಮಡಿಚಿತ್ತು. ಜಗತ್ತಿನಲ್ಲಿ ಹಾಗೆ ಗಂಟು ಹಾಕುತ್ತಿದ್ದವರು ಒಬ್ಬರೇ. ಹಾಕಲು ಕಲಿತವರು ಇನ್ನೊಬ್ಬರು. ಆ ಇನ್ನೊಬ್ಬರು ಈಗ ನೆಲದ ಮೇಲೆ ಕೂತು ಅದನ್ನು ಬಿಚ್ಚುತ್ತಿದ್ದರು.

ವರ್ಷಕ್ಕೆ ಇಪ್ಪತ್ತು ದಿನ ಅಪ್ಪ 'ಹೊರಗೂರಿನ ಕೆಲಸ' ಎಂದು ಹೋಗುತ್ತಿದ್ದದ್ದು ಇಲ್ಲಿಗೆ. ಈ ಕಿಟಕಿಯ ಕೆಳಗೇ ಕೂತಿದ್ದಿರಬೇಕು, ಬೆಳಕು ಇಲ್ಲೇ ಚೆನ್ನಾಗಿದೆ.

"ಯಾಕೆ ಬೈಂಡರೇ, ಕೈಗೇನಾದ್ರೂ ಚುಚ್ಚಿತಾ?" ಎಂದರು ಟೀಚರ್.

"ಇಲ್ಲ. ಹಳೇ ಹೊಲಿಗೆ. ಚೆನ್ನಾಗಿ ಹೊಲಿದಿದ್ದಾರೆ" ಎಂದರು ಬೈಂಡರು. ಬಿಚ್ಚಿದ ದಾರವನ್ನು ಎಸೆಯದೆ ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಕಚೇರಿಯ ತುಂಬ ಸುದ್ದಿ ಹಬ್ಬಿ, ಒಬ್ಬೊಬ್ಬರೇ ಬೆನ್ನು ಮುರಿದ ರಿಜಿಸ್ಟರುಗಳನ್ನು ಹೊತ್ತು ತಂದು ಪಕ್ಕದಲ್ಲಿ ಇಳಿಸತೊಡಗಿದರು. ಆಸ್ಪತ್ರೆಯ ಹೊರಗೆ ಕಾದ ರೋಗಿಗಳ ಹಾಗೆ ಹನ್ನೊಂದು ಸಂಪುಟ ಸಾಲುಗಟ್ಟಿದವು. ಒಬ್ಬ ಗುಮಾಸ್ತನಂತೂ ತನ್ನ ಹರಿದ ಚಪ್ಪಲಿ ತಂದು ತೋರಿಸಿ, "ಇದಕ್ಕೂ ಒಂದೆರಡು ಹೊಲಿಗೆ ಬೀಳುತ್ತಾ?" ಎಂದ.

ಮೂರು ಗಂಟೆಗೆ ಸಂಪುಟ ಹದಿನೇಳು ನೆಟ್ಟಗೆ ನಿಂತಿತು. ಮೇಡಂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಈಗ ಓದಿ" ಎಂದರು.

ಬೈಂಡರು ಪರಿವಿಡಿಯಲ್ಲಿ ತಾತನ ಹೆಸರು ಹುಡುಕಿ, ಪುಟ ಇನ್ನೂರ ಹನ್ನೆರಡು ತೆರೆದರು. ಎಡಕ್ಕೆ ಟೀಚರ್, ಬಲಕ್ಕೆ ಭಾವಮೈದ ಬಗ್ಗಿ ನಿಂತರು. ಬೈಂಡರು ಮೆಲ್ಲಗೆ ಓದಿದರು.

"'ಸ್ವಸ್ಥ ಮನಸ್ಸಿನಿಂದ ಬರೆದ ಉಯಿಲು. ಒಂದನೆಯ ಕಲಂ: ನನ್ನ ಕನ್ನಡಕವು ಅಚ್ಚಿನ ಮನೆಯಲ್ಲಿ ನನ್ನ ಪಕ್ಕದಲ್ಲಿ ನಿಂತು ಕೆಲಸ ಮಾಡಿದ ಗೆಳೆಯನಿಗೆ. ಅವನಿಗೂ ಈಗ ಕಣ್ಣು ಮಂಜು. ಎರಡನೆಯ ಕಲಂ: ಹಾಸಿಗೆ, ಕಂಬಳಿ ನನಗೆ ಕೋಣೆ ಕೊಟ್ಟ ಮನೆಯೊಡತಿಗೆ.'"

"ಬಂಗಲೆ ಎಷ್ಟನೇ ಕಲಮ್ಮಲ್ಲಿ ಬರುತ್ತೆ ಭಾವ?"

"'ಮೂರನೆಯ ಕಲಂ: ಕುರ್ಚಿಯು ಕೇಳಿದವರಿಗೆ. ಒಂದು ಕಾಲು ಗಿಡ್ಡ, ಕೂರುವವರು ಎಚ್ಚರದಿಂದಿರತಕ್ಕದ್ದು. ನಾಲ್ಕನೆಯ ಕಲಂ: ಬೆಕ್ಕನ್ನು ಯಾರೂ ಸಾಕಬೇಕಾಗಿಲ್ಲ, ಅದಕ್ಕೆ ನಾನೂ ಬೇಕಾಗಿರಲಿಲ್ಲ, ಬಾಗಿಲು ಮಾತ್ರ ತೆರೆದಿಡತಕ್ಕದ್ದು.'"

ಭಾವಮೈದ ಕೋಟಿನ ಗುಂಡಿ ಬಿಚ್ಚಿ ದೊಪ್ಪನೆ ಬೆಂಚಿನ ಮೇಲೆ ಕೂತ. ಬೈಂಡರ ಮುಖದಲ್ಲಿ ಮಾತ್ರ ನಗು ಮೂಡಿತ್ತು. ಐವತ್ತೆಂಟು ವರ್ಷದಲ್ಲಿ ಮೊದಲ ಸಲ ತಾತ ಅವರೆದುರು ಮಾತಾಡುತ್ತಿದ್ದ. ಒಳ್ಳೆಯ ಮನುಷ್ಯನಂತೆಯೇ ಕಾಣುತ್ತಿದ್ದ. ಅವರು ಬೆರಳಿಟ್ಟು ಮುಂದಿನ ಸಾಲು ಓದಿದರು.

"'ಐದನೆಯ ಕಲಂ: ನನ್ನ ಮಗನಿಗೆ. ಅವನು ಎಂಟು ವರ್ಷದವನಿದ್ದಾಗ, ಅಂದು ಬೆಳಗ್ಗೆ ನಾನು ಮನೆ ಬಿಟ್ಟು ಹೋದದ್ದು ಏಕೆಂದರೆ—'"

ಪುಟ ಮುಗಿಯಿತು. ಬೈಂಡರ ಬೆರಳು ಎದುರಿನ ಪುಟಕ್ಕೆ ಹೋಯಿತು.

ಅಲ್ಲಿ ಬೇರೆ ಯಾರೋ ತಮ್ಮ ಹಸುಗಳನ್ನು ಮೂವರು ಹೆಣ್ಣುಮಕ್ಕಳಿಗೆ ಹಂಚುತ್ತಿದ್ದರು.

ಹಿಂದಕ್ಕೆ ತಿರುಗಿಸಿದರು, ಮುಂದಕ್ಕೆ ತಿರುಗಿಸಿದರು. ಎರಡು ಹಾಳೆಗಳ ಸಂದಿನಲ್ಲಿ ಬೆರಳಿಟ್ಟಾಗ ಸಣ್ಣ ಅಂಚೊಂದು ಸಿಕ್ಕಿತು. ಚೂಪಾದ ಚಾಕುವಿನಿಂದ ಒಂದೇ ಎಳೆತಕ್ಕೆ ಕತ್ತರಿಸಿದ್ದರು. ಹೊಲಿಗೆ ಸಡಿಲವಾಗದಿರಲೆಂದು ಬೆರಳ ಉಗುರಿನಷ್ಟು ಅಂಚು ಉಳಿಸಿದ್ದರು. ಹೊಲಿಯುವಾಗ ಹಾಳೆಗಳ ಒಳಗೆ ಅದು ಕಣ್ಣಿಗೆ ಬಿದ್ದಿರಲಿಲ್ಲ. ಕಳ್ಳರು ಹಾಗೆ ಕತ್ತರಿಸುವುದಿಲ್ಲ. ಪುಸ್ತಕದ ಮೇಲೆ ಪ್ರೀತಿಯಿದ್ದವರು ಮಾತ್ರ ಹಾಗೆ ಕತ್ತರಿಸುತ್ತಾರೆ. ಬೈಂಡರಿಗೆ ಹನ್ನೆರಡು ವರ್ಷವಿದ್ದಾಗ ಅಪ್ಪ ಅವರ ಕೈಮೇಲೆ ಕೈಯಿಟ್ಟು ಕಲಿಸಿದ್ದರು.

ಅಪ್ಪ ಓದಿದ್ದರು. ತಮಗೆ ಬರೆದ ಹಾಳೆಯನ್ನು ತಾವು ತೆಗೆದುಕೊಂಡಿದ್ದರು. ಆಮೇಲೆ ಮನೆಗೆ ಬಂದು, ಮಣೆಯ ಮೇಲೆ ಕೂತು, ದಾರ ಕಡಿಯುತ್ತ, 'ಗೊತ್ತಿಲ್ಲ' ಎಂದಿದ್ದರು. ಆ ಹಾಳೆಯಲ್ಲಿ ಇದ್ದದ್ದು ಎದೆಗೊತ್ತಿಕೊಳ್ಳುವ ಮಾತೋ, ಮಗನಿಗೂ ಹೇಳಲಾಗದ ಮಾತೋ? ಬೈಂಡರು ಆ ಅಂಚಿನ ಮೇಲೆ ಬೆರಳಾಡಿಸುತ್ತ ಕೂತರು.

ಅವರು ಹಾಗೇ ಸಂಪುಟ ಮುಚ್ಚಿ ಎದ್ದುಬಿಡುತ್ತಿದ್ದರೇನೋ. ಆದರೆ ಟೀಚರಿಗೆ ಸಂಖ್ಯೆ ತಪ್ಪಿದರೆ ತಡೆಯುವುದಿಲ್ಲ.

"ಇದೇನಿದು! ಇನ್ನೂರ ಹನ್ನೆರಡಾದ ಮೇಲೆ ಇನ್ನೂರ ಹದಿನೈದು! ಹದಿಮೂರು, ಹದಿನಾಲ್ಕು ಎಲ್ಲಿ?"

ಕೊನೆಯ ಬೆಂಚಿಗೂ ಕೇಳಿಸಿತು. ಮೇಡಂ ಎದ್ದು ಬಂದು ಸಂಪುಟ ನೋಡಿದರು. ಅವರ ಸಣ್ಣ ದನಿ ಇನ್ನೂ ಸಣ್ಣಗಾಯಿತು.

"ಹಾಳೆ ಕತ್ತರಿಸಿದ್ದಾರೆ. ಇದನ್ನ ನಾನು ಬರೆದು ಮೇಲಿನವರಿಗೆ ಕಳಿಸಲೇಬೇಕು. ಹಿಂದೆ ಇದನ್ನ ಹೊಲಿದೋರ ಹೆಸರು ರಿಪೇರಿ ಪುಸ್ತಕದಲ್ಲಿರುತ್ತೆ. ಸತ್ತಿರಲಿ, ಬದುಕಿರಲಿ, ದಾಖಲೆ ಕದ್ದೋರು ಅಂತ ಹೊರಗಿನ ಬೋರ್ಡಿಗೆ ಹೆಸರು ಹಾಕ್ತೀವಿ." ಅವರು ಕಪಾಟಿನಿಂದ ಕೆಂಪು ರಟ್ಟಿನ ಪುಸ್ತಕವೊಂದನ್ನು ಎಳೆದರು. ದೂಳು ಕೊಡವಿದರು.

ಐವತ್ತು ವರ್ಷದಲ್ಲಿ ಅಪ್ಪ ಯಾರದೂ ಒಂದು ಹಾಳೆ ಕಳೆದವರಲ್ಲ. ಊರವರು ತಮ್ಮ ಮನೆಯ ಕಾಗದಪತ್ರಗಳನ್ನು ಕಣ್ಣುಮುಚ್ಚಿ ಅವರ ಕೈಗೆ ಕೊಡುತ್ತಿದ್ದರು.

"ನಾನೇ ಮೇಡಂ" ಎಂದರು ಬೈಂಡರು.

"ಏನು?"

"ಕತ್ತರಿಸಿದ್ದು ನಾನೇ. ಈಗ, ಹೊಲಿಯುವಾಗ. ಚಾಕು ಜಾರಿತು. ಹಾಳೆ ಹರಿದುಹೋಯ್ತು. ಹೆದರಿಕೆಯಾಗಿ ಬುಟ್ಟಿಗೆ ಹಾಕಿಬಿಟ್ಟೆ."

ಭಾವಮೈದ ಹಾರಿ ಕಸದ ಬುಟ್ಟಿಯೊಳಗೆ ತಲೆ ತೂರಿಸಿದ. ಗುಡಿಸುವವಳು ಅದನ್ನು ಆಗಲೇ ಖಾಲಿ ಮಾಡಿದ್ದಳು. "ಅಯ್ಯೋ ಭಾವ! ಬಂಗಲೆ ಇದ್ದಿದ್ದು ಆ ಹಾಳೆಯಲ್ಲೇ!" ಎಂದು ಅವನು ತಲೆಯ ಮೇಲೆ ಕೈಹೊತ್ತು ಕೂತ.

ಟೀಚರ್ ಹೊಲಿಗೆ ಮುಗಿಯುವವರೆಗೂ ದಾರ ಹಿಡಿದು ಮೊಳದ ದೂರದಲ್ಲೇ ಕೂತಿದ್ದವರು. ಚಾಕು ಜಾರಲಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ತೆರೆದರು. ಬೈಂಡರ ಮುಖ ನೋಡಿದರು. ಜೀವಮಾನದಲ್ಲಿ ಮೊದಲ ಸಲ ಕಣ್ಣೆದುರಿನ ತಪ್ಪೊಂದನ್ನು ತಿದ್ದದೆ ಬಾಯಿ ಮುಚ್ಚಿಕೊಂಡರು.

ಮೇಡಂ ಕೆಂಪು ಪುಸ್ತಕವನ್ನು ತೆರೆಯದೆ ಕಪಾಟಿಗೆ ಹಿಂದಿಟ್ಟರು. ತಪ್ಪೊಪ್ಪಿಗೆ ಬರೆಸಿಕೊಂಡು, ರುಜು ಹಾಕಿಸಿಕೊಂಡು, ಮೂರು ಕಡೆ ಮುದ್ರೆ ಒತ್ತಿದರು.

"ಬೇಕು ಅಂತ ಮಾಡಿದ್ದಲ್ಲ, ಅದಕ್ಕೆ ಪೊಲೀಸಿಗೆ ಕೊಡಲ್ಲ. ಆದ್ರೆ ಇನ್ನು ಹತ್ತು ವರ್ಷ ನೀವು ಈ ಕಚೇರಿಯ ಯಾವ ದಾಖಲೆಯನ್ನೂ ನೋಡೋ ಹಾಗಿಲ್ಲ. ಮುದ್ರೆ ಬಿತ್ತು, ಇನ್ನು ಇದನ್ನ ನಾನೂ ಅಳಿಸೋಕಾಗಲ್ಲ."

ಬೈಂಡರು ತಲೆಯಾಡಿಸಿದರು. ಹೋದರೆ ಹೋಯಿತು. ನೋಡಲು ಇನ್ನೇನಿದೆ? ಅಪ್ಪನ ಹೆಸರು ಉಳಿಯಿತು. ಚೀಲಕ್ಕೆ ಸೂಜಿ ಹಾಕಿಕೊಂಡರು.

ಅವರ ಬಾಡಿದ ಮುಖ ಕಂಡು ಮೇಡಂಗೆ ಕರುಳು ಚುರುಕ್ಕೆಂದಿತು. ಸಮಾಧಾನ ಹೇಳಿದರು.

"ಅಷ್ಟೊಂದು ನೊಂದುಕೋಬೇಡಿ. ದೊಡ್ಡ ನಷ್ಟ ಏನಾಗಿಲ್ಲ. ಸಂಪುಟದಲ್ಲಿರೋದೆಲ್ಲ ಗುಮಾಸ್ತರು ಬರೆದ ನಕಲು. ನಿಮ್ಮ ತಾತ ಕೈಯಾರೆ ಬರೆದ ಮೂಲ ಉಯಿಲು ಅಗೋ ಆ ಹಸಿರು ಬೀರುವಿನಲ್ಲಿ ಭದ್ರವಾಗಿದೆ. ಐದನೇ ಕಲಮ್ಮೂ ಇದೆ, ಎಲ್ಲಾ ಇದೆ."

ಬೈಂಡರ ಕೈಯಿಂದ ಚೀಲ ಜಾರಿತು. "ಮೊದಲೇ ಯಾಕೆ ಹೇಳಲಿಲ್ಲ ಮೇಡಂ?"

"ನೀವು ಕೇಳಿದ್ದು ಸಂಪುಟ ಹದಿನೇಳು."

"ಅದನ್ನ ಯಾರಿಗೆ ತೋರಿಸ್ತೀರಿ?"

"ಮೂಲಪ್ರತಿ ಆದ್ರಿಂದ ವಂಶದವರಿಗೆ ಮಾತ್ರ. ಖುದ್ದಾಗಿ ಬರಬೇಕು."

"ಆ ವಂಶದಲ್ಲಿ ಇರೋದು ನಾನೊಬ್ಬನೇ."

"ಹೌದಲ್ವಾ" ಎಂದರು ಮೇಡಂ. ಮುದ್ರೆ ಒತ್ತಿದ ಕಾಗದ ನೋಡಿದರು, ಬೀರು ನೋಡಿದರು. "ಹತ್ತು ವರ್ಷ ಕಳೆದ ಮೇಲೆ ಬನ್ನಿ. ನಾನಿರಲ್ಲ, ಬೀರು ಇರುತ್ತೆ."

ಬೀರುವಿಗೂ ಬೈಂಡರಿಗೂ ನಡುವೆ ಇದ್ದದ್ದು ಎಂಟು ಹೆಜ್ಜೆ. ಅವರು ಅತ್ತ ನೋಡುತ್ತ ನಿಂತೇ ಇದ್ದರು. ಟೀಚರ್ ಮೆಲ್ಲಗೆ ಅವರ ತೋಳು ಹಿಡಿದು, "ನಡೀರಿ ಬೈಂಡರೇ, ಬಸ್ಸಿಗೆ ಹೊತ್ತಾಯ್ತು" ಎಂದರು. ಆ ಗಂಟಲಿನಿಂದ ಅಷ್ಟು ಮೆತ್ತಗಿನ ದನಿ ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಮೇಡಂ ಕರೆದರು. "ಒಂದ್ನಿಮಿಷ! ಓದುಗರಾಗಿ ಬರೋ ಹಾಗಿಲ್ಲ, ನಿಜ. ಆದ್ರೆ ಬೈಂಡರಾಗಿ ಬರಬಹುದು. ಅದು ಬೇರೆ ವಿಭಾಗ, ಅವರಿಗೆ ನಮ್ಮ ನಿಯಮ ಅನ್ವಯಿಸಲ್ಲ. ಇಲ್ನೋಡಿ, ಹನ್ನೊಂದು ಸಂಪುಟ ಕಾಯ್ತಿವೆ. ಒಳಗೆ ಇನ್ನೂ ನಾನೂರಿವೆ. ಸೋಮವಾರದಿಂದ ಬರ್ತೀರಾ? ಇದೇ ಕೋಣೆ, ಆ ಬೀರುವಿನ ಪಕ್ಕದಲ್ಲೇ ಜಾಗ ಮಾಡಿಕೊಡ್ತೀನಿ."

ಬೈಂಡರ ಕಣ್ಣು ಹೊಳೆಯಿತು. ಹೊಲಿಗೆಗೆ ಬಂದ ಹಾಳೆ ಕೈಗೆ ಬಾರದೆ ಹೋಗುತ್ತದೆಯೇ? ಕೈಗೆ ಬಂದದ್ದು ಕಣ್ಣಿಗೆ ಬೀಳದೆ ಇರುತ್ತದೆಯೇ? ಅಪ್ಪ ಮಾಡಿದ್ದೂ ಅದನ್ನೇ ಅಲ್ಲವೇ? ಅವರು ಬಾಗಿಲಿಂದ ತಿರುಗಿ ಬಂದು ಕೇಳಿದರು.

"ಬರ್ತೀನಿ ಮೇಡಂ. ಆ ಬೀರುವಿನಲ್ಲಿರೋ ಮೂಲ ಉಯಿಲುಗಳನ್ನೂ ಹೊಲಿಯೋದಿರುತ್ತಾ?"

"ಅಯ್ಯೋ, ಇಲ್ಲಪ್ಪ. ಅವೆಲ್ಲ ಬಿಡಿಹಾಳೆ. ಒಂದೊಂದನ್ನೂ ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಹಾಕಿದ್ದೀವಿ" ಎಂದು ಮೇಡಂ ನಕ್ಕರು. "ಅವಕ್ಕೆ ನಿಮ್ಮ ಹೊಲಿಗೆ ಯಾವತ್ತೂ ಬೇಕಾಗಲ್ಲ."